ಕಾರ್ಖಾನೆಗೆ ಸರ್ಕಾರದ ದುಡ್ಡು, ಚೇರ್ಮನ್ನರಿಗೆ ಹೊಸ ಕಾರು: ಮಹಾಸಭೆಯಲ್ಲಿ ಯಾವುದಕ್ಕೆ ಕೈ ಎತ್ತೋಣ?

ಸೆಪ್ಟೆಂಬರ್ ಬಂದರೆ ಮುಧೋಳ, ಜಮಖಂಡಿ, ಗೋಕಾಕ ಕಡೆಯ ಶೇರುದಾರರ ಮನೆಗೆ ಒಂದು ಪುಸ್ತಕ ಬರುತ್ತದೆ. ಸಹಕಾರಿ ಸಕ್ಕರೆ ಕಾರ್ಖಾನೆಯ ವಾರ್ಷಿಕ ವರದಿ. 25ನೇ ತಾರೀಖಿನೊಳಗೆ ಮಹಾಸಭೆ ಮುಗಿಸಬೇಕು ಅನ್ನುವುದು ಕಾಯ್ದೆ. ಹಾಗಾಗಿ ಅವಸರದಲ್ಲಿ ಅಚ್ಚು ಹಾಕಿಸಿರುತ್ತಾರೆ. ಮುಂದೆ ಚೇರ್ಮನ್ನರ ಫೋಟೊ, ಹಿಂದೆ ಇರುವೆ ಸಾಲಿನಂಥ ಅಂಕಿ. ನಮ್ಮ ಮನೆಯಲ್ಲಿ ಬಹಳ ವರ್ಷ ಅದು ರೊಟ್ಟಿ ಬುಟ್ಟಿಯ ತಳಕ್ಕೆ ಹಾಸುವ ಕಾಗದವಾಗಿತ್ತು.

ಈ ಸಲ ಅಕ್ಕನ ಮಗ ಫೋನ್ ಮಾಡಿದ. "ಮಾಮಾ, ಕಾರ್ಖಾನಿ ಮುಳಗಾಕತ್ತೈತಿ ಅಂತಾರ. ಸರ್ಕಾರದ ರೊಕ್ಕಾ ತರ್ತೀವಿ ಅಂತ ಚೇರ್ಮನ್ರು, ಲೀಸಿಗೆ ಕೊಡ್ರಿ ಅಂತ ಒಂದು ಪಾರ್ಟಿ, ಆಡಳಿತಾಧಿಕಾರಿ ಬರ್ಲಿ ಅಂತ ಇನ್ನೊಂದು ಪಾರ್ಟಿ. ಚೇರ್ಮನ್ರ ಗಾಡಿ ನೋಡೀರೇನ? ಶೋರೂಮಿನಿಂದ ಈಗ ಬಂದಂಗೈತಿ. ನಾ ಯಾವುದಕ್ಕ ಕೈ ಎತ್ಲಿ?"

ಅವನಿಗೆ ಹೇಳಿದ್ದನ್ನೇ ಸ್ವಲ್ಪ ಲೆಕ್ಕ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಬೆಳಗಾವಿ, ವಿಜಯಪುರದ ನೆಂಟರಿಂದಲೂ ಇದೇ ಪ್ರಶ್ನೆ ಕೇಳಿದ್ದೇನೆ.

ಮೊದಲು ಆ ಕಾರಿನ ಲೆಕ್ಕ

ಒಂದು ಕಾರ್ಖಾನೆ ಊಹಿಸಿಕೊಳ್ಳಿ. ಹಂಗಾಮಿನಲ್ಲಿ 5 ಲಕ್ಷ ಟನ್ ನುರಿಸುತ್ತದೆ. ಟನ್ನಿಗೆ 3,300 ರೂಪಾಯಿ ಹಿಡಿದರೆ ಕಬ್ಬಿನ ಬಿಲ್ಲೇ 165 ಕೋಟಿ. ಚೇರ್ಮನ್ನರ ಕಾರು, ಡ್ರೈವರ್, ಡೀಸೆಲ್, ಗೆಸ್ಟ್ ಹೌಸ್, ಡೈರೆಕ್ಟರುಗಳ ಪ್ರವಾಸ, ಮೀಟಿಂಗ್ ಭತ್ಯೆ ಎಲ್ಲ ಸೇರಿ ವರ್ಷಕ್ಕೆ 50 ಲಕ್ಷ ಅನ್ನೋಣ. ಟನ್ನಿಗೆ 10 ರೂಪಾಯಿ ಬಿತ್ತು. ಎಕರೆಗೆ 40 ಟನ್ ಬೆಳೆಯುವವನು ಎಕರೆಗೆ 400 ರೂಪಾಯಿ ಇದಕ್ಕೆ ಕೊಡುತ್ತಾನೆ.

ಕಬ್ಬಿನ ಬಿಲ್ಲಿನ ನೂರು ರೂಪಾಯಿಗೆ ಇದು 30 ಪೈಸೆ. ಕಾರು ಮಾರಿ ಕಾರ್ಖಾನೆ ಉಳಿಸಲು ಆಗುವುದಿಲ್ಲ. ಇದನ್ನು ಒಪ್ಪಿಕೊಳ್ಳದೆ ಮಹಾಸಭೆಗೆ ಹೋದರೆ ಸುಮ್ನೆ ಕೂಗಾಡಿ ಬರುತ್ತೇವೆ ಅಷ್ಟೆ. ಕಾರ್ಖಾನೆಗಳ ಕಷ್ಟ ನಿಜವೇ. ಕೇಂದ್ರದ ಎಫ್‌ಆರ್‌ಪಿ (ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ) 2018-19ರಲ್ಲಿ ಕ್ವಿಂಟಲಿಗೆ 275 ರೂಪಾಯಿ ಇತ್ತು, 2025-26ಕ್ಕೆ 355 ಆಯಿತು. ಸಕ್ಕರೆಯ ಕನಿಷ್ಠ ಮಾರಾಟ ದರ ಮಾತ್ರ 2019ರ ಫೆಬ್ರವರಿಯಲ್ಲಿ ಕೆಜಿಗೆ 31 ರೂಪಾಯಿ ಅಂತ ಆದದ್ದು ವರ್ಷಗಟ್ಟಲೆ ಅಲ್ಲೇ ನಿಂತಿತು. ಅದರ ಮೇಲೆ ಬ್ಯಾಂಕಿನ ಬಡ್ಡಿ ಬೇರೆ.

ಆದರೂ ಆ 10 ರೂಪಾಯಿಯನ್ನು ನಾನು ಬಿಡುವುದಿಲ್ಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಬೇಕು ಅಂತ ಹಗಲು ರಾತ್ರಿ ಕೂತರು. ಕೊನೆಗೆ 3,300ಕ್ಕೆ ಬಂದು ನಿಂತಿತು. ಅದರಲ್ಲಿ ಸರ್ಕಾರ ಹೆಚ್ಚಿಗೆ ಕೊಟ್ಟದ್ದು 50, ಕಾರ್ಖಾನೆ 50. ಆ ನೂರು ರೂಪಾಯಿಗಾಗಿ ಚಳಿಯಲ್ಲಿ ರಸ್ತೆ ಮೇಲೆ ಮಲಗಿದವರ ಮುಂದೆ ಹತ್ತು ರೂಪಾಯಿ ಸಣ್ಣದು ಅನ್ನೋಕಾಗಲ್ಲ.

ಇನ್ನೊಂದು ಕಾರಣವೂ ಇದೆ. ಕೆಲವು ವರ್ಷದ ಹಿಂದೆ ನನಗೆ ಶೇರು ಇರುವ ಒಂದು ಕಾರ್ಖಾನೆಯ ನಿಯೋಗ ನೆರವು ಕೇಳಲು ಬೆಂಗಳೂರಿಗೆ ಹೋಯಿತು. ಒಂಬತ್ತು ಗಾಡಿ. ಎರಡು ರಾತ್ರಿ ದೊಡ್ಡ ಹೋಟೆಲು. ಆಗ ಫೆಬ್ರವರಿಯಲ್ಲಿ ಕಳಿಸಿದ ಕಬ್ಬಿನ ಬಿಲ್ಲು ನಮಗೆ ಇನ್ನೂ ಬಂದಿರಲಿಲ್ಲ, ನಾಗರ ಪಂಚಮಿ ಮುಗಿದಿತ್ತು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿದರೆ ಬೆಳಿಗ್ಗೆ ಬೆಂಗಳೂರು. ಒಬ್ಬರಿಗೂ ಅದು ಹೊಳೆಯಲಿಲ್ಲ. ತಮ್ಮ ಮೈಗೆ ಬಿಸಿ ತಾಗದವರಿಗೆ ನಮ್ಮ ಹೆಸರಿನಲ್ಲಿ ಬರುವ ದುಡ್ಡನ್ನು ಹೇಗೆ ಒಪ್ಪಿಸುವುದು?

ಅಳೆಯುವ ನಾಲ್ಕು ಕೋಲು

ಯಾವ ದಾರಿ ಬಂದರೂ ನಾನು ನಾಲ್ಕು ಪ್ರಶ್ನೆ ಹಾಕುತ್ತೇನೆ. ಹಳೆ ಬಾಕಿ, ಹೊಸ ಬಿಲ್ಲು ನನ್ನ ಖಾತೆಗೆ ಯಾವಾಗ ಬರುತ್ತದೆ? ಚೆಕ್ಕಿಗೆ ಸಹಿ ಮಾಡುವ ಕೈ ಬದಲಾಗುತ್ತದೆಯೇ? ಮೇಲಿನವರ ಖರ್ಚನ್ನು ಯಾರು ನೋಡುತ್ತಾರೆ, ನೋಡಿದ್ದು ನಮಗೆ ಗೊತ್ತಾಗುತ್ತದೆಯೇ? ಕೊನೆಯದು, ತಪ್ಪಾಯಿತು ಅನ್ನಿಸಿದರೆ ಹಿಂದಕ್ಕೆ ಬರಲು ದಾರಿ ಇದೆಯೇ?

ಮೊದಲನೆಯದಕ್ಕೆ ಕಾನೂನಿನ ಅಳತೆ ಇದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದಲ್ಲಿ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ 15% ಬಡ್ಡಿ. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿ ವಸೂಲಿ ಮಾಡಬಹುದು, ಗೋದಾಮಿನ ಸಕ್ಕರೆ ಜಪ್ತಿ ಮಾಡಿ ಮಾರಲೂಬಹುದು. ಆ ಬಡ್ಡಿ ಸಿಕ್ಕವರನ್ನು ನಾನಂತೂ ನೋಡಿಲ್ಲ. ಆದರೆ ಕೇಳುವ ಹಕ್ಕು ಇದೆ ಅನ್ನುವುದು ಗೊತ್ತಿರಲಿ.

ಸರ್ಕಾರದ ಸಾಲ, ಅದೇ ಆಡಳಿತ ಮಂಡಳಿ

ಚೇರ್ಮನ್ನರು ಕೇಳುವುದು ಇದನ್ನು. ಸರ್ಕಾರ ಸಾಲ ಕೊಡಲಿ ಇಲ್ಲವೇ ಬ್ಯಾಂಕ್ ಸಾಲಕ್ಕೆ ಖಾತರಿ ನಿಲ್ಲಲಿ, ನಾವೇ ನಡೆಸುತ್ತೇವೆ. ಇದರ ದೊಡ್ಡ ಗುಣ ವೇಗ. ನವೆಂಬರಿನಲ್ಲಿ ಬಾಯ್ಲರ್ ಹೊತ್ತಬೇಕಾದರೆ ಮಳೆಗಾಲದಲ್ಲೇ ಮಿಲ್ಲಿನ ರಿಪೇರಿ ಮುಗಿಯಬೇಕು, ಕಟಾವಿನ ಟೋಳಿಗಳಿಗೆ ಮುಂಗಡ ಹೋಗಬೇಕು. ಹಳೆ ಮಂಡಳಿಗೆ ಈ ಕೆಲಸ ಗೊತ್ತು. ಎರಡೆಕರೆಯವನಿಗೆ ತನ್ನ ಕಬ್ಬು ಒಣಗದೆ ಹೋಗುವುದೇ ಮುಖ್ಯ, ಆ ಮಟ್ಟಿಗೆ ಇದು ಒಳ್ಳೆಯದೇ.

ಉಳಿದ ಮೂರು ಪ್ರಶ್ನೆಗೆ ಉತ್ತರ ಇಲ್ಲ. ಸಹಿ ಅದೇ, ಕಾರು ಅದೇ, ಸಾಲ ಮಾತ್ರ ಹೊಸದು. ಸಾಲ ತೀರದಿದ್ದರೆ ಮುಂದಿನ ವರ್ಷ ಮತ್ತೆ ನಿಯೋಗ. ಬೆಳಗಾವಿಯಲ್ಲಿ ಅಧಿವೇಶನ ನಡೆಯುವ ಡಿಸೆಂಬರಿನಲ್ಲಾದರೆ ಗಾಡಿ ಬೆಂಗಳೂರಿಗೆ ಹೋಗುವುದಾದರೂ ತಪ್ಪುತ್ತದೆ ಅನ್ನಿ.

ಅದೇ ದುಡ್ಡು, ಆದರೆ ಕಟ್ಟು ಹಾಕಿ

ನನ್ನ ಮನಸ್ಸು ವಾಲುವುದು ಈ ಕಡೆ. ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಅಮೆರಿಕದ ಕಥೆ ನಿಮಗೆ ನೆನಪಿರಬಹುದು. 2008ರ ನವೆಂಬರಿನಲ್ಲಿ ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್ ಮುಖ್ಯಸ್ಥರು ಡೆಟ್ರಾಯಿಟ್‌ನಿಂದ ವಾಷಿಂಗ್ಟನ್ನಿಗೆ 2,500 ಕೋಟಿ ಡಾಲರ್ ಕೇಳಲು ಹೋದರು. ಮೂವರೂ ಕಂಪನಿಯ ಬೇರೆ ಬೇರೆ ಖಾಸಗಿ ವಿಮಾನದಲ್ಲಿ. ಸಂಸದರು ಚೆನ್ನಾಗಿ ಬೈದರು, ಬರಿಗೈಲಿ ಕಳಿಸಿದರು. ಡಿಸೆಂಬರಿನಲ್ಲಿ ಮತ್ತೆ ಬಂದಾಗ ಮೂವರೂ ತಮ್ಮ ತಮ್ಮ ಕಂಪನಿಯ ಹೈಬ್ರಿಡ್ ಕಾರಿನಲ್ಲಿ ಎಂಟುನೂರು ಕಿಲೋಮೀಟರಿಗೂ ಹೆಚ್ಚು ದೂರ ರಸ್ತೆಯಲ್ಲೇ ಬಂದರು. ನೆರವು ಸಿಕ್ಕರೆ ವರ್ಷಕ್ಕೆ ಒಂದು ಡಾಲರ್ ಸಂಬಳ ಸಾಕು ಅಂದರು. ನಮ್ಮ ಒಂಬತ್ತು ಗಾಡಿಯ ನಿಯೋಗ ನೋಡಿದ ದಿನ ನನಗೆ ಈ ಕಥೆಯೇ ನೆನಪಾಗಿತ್ತು.

ಅದೇ ವರ್ಷದ ಇನ್ನೊಂದು ಕಥೆ ನಮಗೆ ಇದಕ್ಕಿಂತ ಉಪಯೋಗದ್ದು. ಎಐಜಿ ಅನ್ನುವ ವಿಮಾ ಕಂಪನಿಗೆ 2008ರ ಸೆಪ್ಟೆಂಬರಿನಲ್ಲಿ 8,500 ಕೋಟಿ ಡಾಲರ್ ಸಾಲ ಸಿಕ್ಕಿತು. ವಾರ ಕಳೆಯುವಷ್ಟರಲ್ಲಿ ಅದರ ಒಂದು ಅಂಗಸಂಸ್ಥೆ ಏಜೆಂಟರನ್ನು ಕ್ಯಾಲಿಫೋರ್ನಿಯಾದ ರೆಸಾರ್ಟಿಗೆ ಕರೆದುಕೊಂಡು ಹೋಗಿ 4.4 ಲಕ್ಷ ಡಾಲರ್ ಖರ್ಚು ಮಾಡಿತು. 2009ರ ಮಾರ್ಚಿನಲ್ಲಿ 16.5 ಕೋಟಿ ಡಾಲರ್ ಬೋನಸ್ ಹಂಚಿತು. ಜನ ಸಿಟ್ಟಾದರು. ಆದರೆ ಬೋನಸ್ಸಿನ ಕರಾರು ನೆರವು ಬರುವ ಮೊದಲೇ ಆಗಿತ್ತು, ತಡೆಯಲು ಕಾನೂನಿಲ್ಲ ಅಂತ ಸರ್ಕಾರವೇ ಕೈ ಚೆಲ್ಲಿತು. ದುಡ್ಡು ಕೊಡುವ ದಿನವೇ ಹಳೆ ಕರಾರು ರದ್ದಾಗಲಿ ಅಂತ ಬರೆಸಿಕೊಂಡಿದ್ದರೆ ಆ ಫಜೀತಿ ಇರುತ್ತಿರಲಿಲ್ಲ.

ಜನರಲ್ ಮೋಟಾರ್ಸ್ ವಿಷಯದಲ್ಲಿ ಮೊದಲೇ ಬರೆಸಿಕೊಂಡರು. ಸಾಲದ ಪತ್ರದಲ್ಲೇ ಖಾಸಗಿ ವಿಮಾನ ತೆಗೆಯಬೇಕು, ಮೇಲಿನವರ ಸಂಬಳಕ್ಕೆ ಮಿತಿ ಅಂತ ಹಾಕಿದರು. 2009ರ ಮಾರ್ಚಿನಲ್ಲಿ ಮುಖ್ಯಸ್ಥ ರಿಕ್ ವ್ಯಾಗನರ್ ಅವರನ್ನೇ ಸರ್ಕಾರ ಇಳಿಸಿತು. 2020ರಲ್ಲಿ ಕೋವಿಡ್ ಸಮಯಕ್ಕೆ ವಿಮಾನ ಕಂಪನಿಗಳಿಗೆ ನೆರವು ಕೊಡುವಾಗ, ವರ್ಷಕ್ಕೆ 4.25 ಲಕ್ಷ ಡಾಲರಿಗಿಂತ ಹೆಚ್ಚು ಪಡೆಯುವವರಿಗೆ ಏರಿಕೆ ಇಲ್ಲ ಅಂತ ಕಾಯ್ದೆಯಲ್ಲೇ ಬಂತು. ಇಷ್ಟಾದರೂ ಲಾಭ ಗ್ಯಾರಂಟಿ ಅಂತಲ್ಲ. ಜನರಲ್ ಮೋಟಾರ್ಸ್‌ನಲ್ಲಿ ಅಮೆರಿಕ ಸರ್ಕಾರ 1,000 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಬೋನಸ್ ಹಂಚಿದ ಎಐಜಿಯಲ್ಲೇ ಕೊನೆಗೆ 2,000 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಯಾಕೆಂದರೆ ಅಲ್ಲಿ ಸಾಲಕ್ಕೆ ಬದಲಾಗಿ ದೊಡ್ಡ ಪಾಲು ಶೇರು ತೆಗೆದುಕೊಂಡಿತ್ತು.

ನಮ್ಮಲ್ಲಿ ಏನು ಬರೆಸಬೇಕು? ಮೊದಲನೆಯದು, ನೆರವಿನ ದುಡ್ಡು ಕಾರ್ಖಾನೆಯ ಚಾಲ್ತಿ ಖಾತೆಗೆ ಬೀಳಬಾರದು. ಇದಕ್ಕೆ ಮೇಲ್ಪಂಕ್ತಿ ಇದೆ. 2015ರಲ್ಲಿ ಕೇಂದ್ರ 6,000 ಕೋಟಿ ರೂಪಾಯಿಯ ಮೃದು ಸಾಲದ ಯೋಜನೆ ಮಾಡಿದಾಗ, ಬ್ಯಾಂಕುಗಳು ಕಾರ್ಖಾನೆಯಿಂದ ರೈತರ ಪಟ್ಟಿ ತೆಗೆದುಕೊಂಡು ನೇರ ರೈತರ ಖಾತೆಗೇ ಹಾಕಬೇಕು ಅಂತ ಮಾಡಿತ್ತು. ಆಮೇಲೆ ಬಾಕಿ ತೀರುವವರೆಗೆ ಹೊಸ ಗಾಡಿ ಇಲ್ಲ, ಪ್ರವಾಸ ಇಲ್ಲ, ಭತ್ಯೆ ಏರಿಕೆ ಇಲ್ಲ. ಗಾಡಿಯ ಲಾಗ್‌ಬುಕ್ ಕಚೇರಿಯಲ್ಲಿ ಯಾವ ಶೇರುದಾರ ಕೇಳಿದರೂ ತೋರಿಸಬೇಕು.

ಇನ್ನು ವರದಿ ಓದುವುದು. "ವಾಹನ ನಿರ್ವಹಣೆ", "ಅತಿಥಿ ಸತ್ಕಾರ", "ಪ್ರವಾಸ ಭತ್ಯೆ" ಸಾಲುಗಳನ್ನು ಎಲ್ಲರೂ ನೋಡುತ್ತಾರೆ. ಅಲ್ಲಿ ಸಿಗುವುದು ಚಿಲ್ಲರೆ. ನಮ್ಮೂರಿನ ಒಬ್ಬ ಹಳೆಯ ಲೆಕ್ಕದ ಗುಮಾಸ್ತರು ನನಗೆ ಕಲಿಸಿದ್ದು ಬೇರೆ. "ಕಾರ್ ನೋಡಬ್ಯಾಡೋ ತಮ್ಮಾ, ಕಾಕಂಬಿ ನೋಡು" ಅನ್ನುತ್ತಿದ್ದರು. ಕಾಕಂಬಿ ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. 5 ಲಕ್ಷ ಟನ್ ಕಬ್ಬಿಗೆ ನೂರಕ್ಕೆ ನಾಲ್ಕರಂತೆ ಹಿಡಿದರೂ 20,000 ಟನ್ ಕಾಕಂಬಿ ಬರುತ್ತದೆ. ಪೇಟೆ ದರಕ್ಕಿಂತ ಟನ್ನಿಗೆ 500 ರೂಪಾಯಿ ಕಡಿಮೆಗೆ ಬೇಕಾದವರಿಗೆ ಕೊಟ್ಟರೆ ಒಂದು ಕೋಟಿ ಹೋಯಿತು. ಮೇಲೆ ಹೇಳಿದ ಕಾರು, ಗೆಸ್ಟ್ ಹೌಸ್ ಎಲ್ಲದರ ಎರಡರಷ್ಟು. ಬಗ್ಯಾಸ್ (ಕಬ್ಬಿನ ಸಿಪ್ಪೆ), ಪ್ರೆಸ್‌ಮಡ್ (ರಸ ಸೋಸಿ ಉಳಿದ ಮಡ್ಡಿ), ಗುಜರಿ ಮಾರಾಟ, ಕಟಾವು-ಸಾಗಣೆಯ ಗುತ್ತಿಗೆ, ಅಳಿಯಂದಿರ ನೇಮಕಾತಿ, ಎಲ್ಲ ಇದೇ ಜಾತಿ. ಹಾಗಾಗಿ ಷರತ್ತಿನಲ್ಲಿ ಕಾರಿಗಿಂತ ಮೊದಲು ಇದು ಬರಬೇಕು: ಕಾಕಂಬಿ, ಬಗ್ಯಾಸ್ ಬಹಿರಂಗ ಟೆಂಡರಿನಲ್ಲೇ ಹೋಗಬೇಕು, ದರ ನೋಟಿಸ್ ಬೋರ್ಡಿಗೆ ಬರಬೇಕು, ಡೈರೆಕ್ಟರುಗಳ ಸಂಬಂಧಿಕರ ಗುತ್ತಿಗೆಯ ಪಟ್ಟಿ ವರದಿಯಲ್ಲಿ ಅಚ್ಚಾಗಬೇಕು.

ಈ ದಾರಿಯ ದೋಷ? ಷರತ್ತು ಹಾಕುವವರು, ಹಾಕಿಸಿಕೊಳ್ಳುವವರು ಒಂದೇ ಪಾರ್ಟಿಯಾದರೆ ಕಾಗದ ಕಪಾಟಿನಲ್ಲಿ ಉಳಿಯುತ್ತದೆ. ಷರತ್ತು ಪಾಲಿಸದಿದ್ದರೆ ಮುಂದಿನ ಕಂತು ಇಲ್ಲ ಅಂತ ಇರಬೇಕು. ಒಂದೇ ಸಲ ಪೂರ್ತಿ ದುಡ್ಡು ಕೊಟ್ಟರೆ ಯಾರ ಮಾತೂ ನಡೆಯುವುದಿಲ್ಲ.

ಆಡಳಿತಾಧಿಕಾರಿ ಬರಲಿ

ಸಿಟ್ಟಿನಲ್ಲಿ ಮೊದಲು ಬಾಯಿಗೆ ಬರುವುದು ಇದು. ಮಂಡಳಿ ಇಳಿಸಿ ಗೆದ್ದ ಉದಾಹರಣೆಯೂ ಇದೆ. ಸತ್ಯಂ ಕಂಪನಿಯ ಲೆಕ್ಕದ ಮೋಸ ಹೊರಬಿದ್ದಾಗ 2009ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮಂಡಳಿ ತೆಗೆದು ಹೊಸಬರನ್ನು ಕೂರಿಸಿತು. ಏಪ್ರಿಲ್‌ನಲ್ಲಿ ಟೆಕ್ ಮಹೀಂದ್ರ ಕೊಳ್ಳಲು ಮುಂದೆ ಬಂತು. ಆದರೆ ಅಲ್ಲಿ ಕೂತವರು ದೇಶದ ದೊಡ್ಡ ದೊಡ್ಡ ಉದ್ಯಮ ಕಂಡವರು. ನಮಗೆ ಬರುವವರು ಇನ್ನೆರಡು ಹುದ್ದೆಯ ಪ್ರಭಾರ ಹೊತ್ತ ಅಧಿಕಾರಿ. ವಾರಕ್ಕೆರಡು ದಿನ ಬಂದು ಸಹಿ ಹಾಕುತ್ತಾರೆ. ಟೋಳಿ ಮುಂಗಡ ಮುಳುಗಿದರೆ ಅವರ ತಲೆಗೆ ಬರುತ್ತದೆ ಅಂತ ಆ ಫೈಲಿಗೆ ಕೈ ಹಾಕುವುದಿಲ್ಲ. ಹಂಗಾಮು ತಡವಾಗುತ್ತದೆ. ಕಾರು ಮಾತ್ರ ಓಡುತ್ತಲೇ ಇರುತ್ತದೆ, ಕೂತವರು ಬೇರೆ.

ಮೋಸದ ಗುರುತು ಕೈಯಲ್ಲಿದ್ದರೆ ಇದು ಸರಿ. ಸಹಕಾರ ಕಾಯ್ದೆಯ 64ನೇ ಕಲಂ ವಿಚಾರಣೆ ಕೇಳಿ, ಹಳೆ ಕಾಗದ ಮಾಯವಾಗುವ ಮುಂಚೆ. ಬರೀ ನಷ್ಟ, ಬರೀ ಶೋಕಿ ಅಂದರೆ ಇಷ್ಟು ದೂರ ಹೋಗಬೇಡಿ.

ಲೀಸು

ಖಾಸಗಿಯವರಿಗೆ ವರ್ಷಗಟ್ಟಲೆ ಗುತ್ತಿಗೆ. ಮಂಡ್ಯ ಜಿಲ್ಲೆಯ ಪಾಂಡವಪುರ ಸಹಕಾರಿ ಕಾರ್ಖಾನೆಯನ್ನು 2020ರಲ್ಲಿ ನಮ್ಮ ಮುಧೋಳ ಕಡೆಯ ನಿರಾಣಿ ಸಮೂಹ 40 ವರ್ಷಕ್ಕೆ ಹಿಡಿಯಿತು. ಅದೇ ಜಿಲ್ಲೆಯ ಮೈಷುಗರ್ ಸರ್ಕಾರದ ಕಂಪನಿ, 1933ರದ್ದು. ಅಲ್ಲಿ ಖಾಸಗಿಗೆ ಕೊಡಬೇಡಿ ಅಂತ ಹೋರಾಟ ನಡೆದು, 2022ರಲ್ಲಿ ಸರ್ಕಾರವೇ ದುಡ್ಡು ಹಾಕಿ ಮತ್ತೆ ಶುರು ಮಾಡಿತು. ಒಂದೇ ಜಿಲ್ಲೆಯಲ್ಲಿ ಎರಡೂ ದಾರಿ ಇವೆ. ಮಹಾಸಭೆಗೆ ಮುಂಚೆ ನಾಲ್ಕು ಜನ ಹೋಗಿ ಅಲ್ಲಿನ ರೈತರ ಜೊತೆ ಚಹಾ ಕುಡಿದು ಬನ್ನಿ. ಟ್ರೇನಿನಲ್ಲಿ.

ಬಿಲ್ಲಿನ ಮಟ್ಟಿಗೆ ಲೀಸು ಬೇಗ ಫಲ ಕೊಡಬಹುದು. ಹಿಡಿಯುವವರಿಗೆ ಕಬ್ಬು ಬೇಕು, ಮೊದಲ ವರ್ಷ ದರ ಚೆನ್ನಾಗಿಯೇ ಇರುತ್ತದೆ. ಆದರೆ ಹಿಂದಕ್ಕೆ ಬರುವ ದಾರಿ ಮುಚ್ಚಿತು. 40 ವರ್ಷ ಅಂದರೆ ಇವತ್ತು ಕೈ ಎತ್ತುವವನ ಮೊಮ್ಮಗ ವಾಪಸ್ ತಗೋಬೇಕು. ಖರ್ಚಿನ ಪುಸ್ತಕವೂ ನಮ್ಮ ಮನೆಗೆ ಬರುವುದು ನಿಲ್ಲುತ್ತದೆ. ಹಿಡಿದವರು ಪಬ್ಲಿಕ್ ಕಂಪನಿಯಾದರೆ ಕಂಪನಿ ಕಾಯ್ದೆಯ 197ನೇ ಕಲಂ ಇದೆ: ಡೈರೆಕ್ಟರುಗಳ ಸಂಬಳ ಎಲ್ಲ ಸೇರಿ ನಿವ್ವಳ ಲಾಭದ 11% ದಾಟಬಾರದು. ನಷ್ಟದ ವರ್ಷಕ್ಕೆ ಬೇರೆ ಮಿತಿ, ಬಂಡವಾಳ ಕರಗಿದ ಕಂಪನಿಯಲ್ಲಿ ಒಬ್ಬರಿಗೆ ವರ್ಷಕ್ಕೆ 60 ಲಕ್ಷ. ಶೇರುದಾರರ ವಿಶೇಷ ನಿರ್ಣಯ ಆದರೆ ಅದನ್ನೂ ದಾಟಬಹುದು. ಬ್ಯಾಂಕಿಗೆ ಕಂತು ತಪ್ಪಿಸಿದ್ದರೆ ಮಾತ್ರ ಬ್ಯಾಂಕಿನ ಒಪ್ಪಿಗೆ ಮೊದಲು ಬೇಕು. ಪ್ರೈವೇಟ್ ಲಿಮಿಟೆಡ್ ಆದರೆ ಈ ಕಲಂ ಲಾಗೂ ಇಲ್ಲ. ಟೆಂಡರಿನಲ್ಲಿ ಯಾರು ಬಂದಿದ್ದಾರೆ ಅನ್ನುವುದರ ಜೊತೆ ಯಾವ ತರಹದ ಕಂಪನಿ ಅಂತಲೂ ಕೇಳಿ.

ಪೂರ್ತಿ ಮಾರಾಟದ ಬಗ್ಗೆ ಎರಡೇ ಮಾತು. ಏರ್ ಇಂಡಿಯಾವನ್ನು 18,000 ಕೋಟಿಗೆ ಮಾರಿದಾಗ ಸರ್ಕಾರಕ್ಕೆ ನಗದು ಬಂದದ್ದು 2,700 ಕೋಟಿ, ಉಳಿದದ್ದು ಕೊಂಡವರು ಹೊತ್ತ ಸಾಲ. ನಮ್ಮ ಶೇರಿನ ದುಡ್ಡು ಸರದಿಯಲ್ಲಿ ಕೊನೆಗೆ ನಿಂತಿರುತ್ತದೆ.

ಯಾರಿಗೆ ಯಾವುದು

ಎರಡು ಮೂರೆಕರೆ, ಬಿಲ್ಲಿನ ಮೇಲೇ ಮನೆ ನಡೆಯುತ್ತದೆ, ಸೊಸೈಟಿ ಸಾಲ ಇದೆ ಅನ್ನುವವರು ಕಂತು-ಷರತ್ತಿನ ನೆರವಿಗೆ ಕೈ ಎತ್ತಿ. ದುಡ್ಡು ನೇರ ಖಾತೆಗೆ ಅನ್ನುವ ಒಂದು ಸಾಲಾದರೂ ಠರಾವಿನಲ್ಲಿ ಇರಲಿ. ಅದಿಲ್ಲದಿದ್ದರೆ ಈ ವರ್ಷ ಅರ್ಧ ಕಬ್ಬನ್ನು ಮಹಾಲಿಂಗಪುರದ ಕಡೆ ಬೆಲ್ಲದ ಗಾಣಕ್ಕೆ ಹಾಕುವ ಲೆಕ್ಕವನ್ನೂ ಮಾಡಿ. ದರ ಏರಿಳಿತ ಇರುತ್ತದೆ, ಆದರೆ ದುಡ್ಡು ಬೇಗ ಕೈಗೆ ಬರುತ್ತದೆ.

ಹತ್ತಿಪ್ಪತ್ತೆಕರೆ, ಸ್ವಂತ ಟ್ರ್ಯಾಕ್ಟರ್ ಇದ್ದವರಿಗೆ ಅವಸರ ಇಲ್ಲ. ಚಿಕ್ಕೋಡಿ, ನಿಪ್ಪಾಣಿ ಕಡೆಯವರಾದರೆ ಗಡಿ ಆಚೆ ಕೊಲ್ಹಾಪುರದ ಕಾರ್ಖಾನೆಗಳೂ ಇವೆ. ಇಂಥವರೇ ಲೀಸಿಗೆ ಜೋರಾಗಿ ಕೂಗುತ್ತಾರೆ. ಅವರ ಲೆಕ್ಕ ಅವರಿಗೆ ಸರಿ, ಅದನ್ನು ನಿಮ್ಮ ಲೆಕ್ಕ ಅಂದುಕೊಳ್ಳಬೇಡಿ. ಕಾರ್ಖಾನೆಯ ಕಾರ್ಮಿಕರಾದರೆ ಲೀಸಿನ ಕರಾರಿನಲ್ಲಿ ಹಳೆ ಸಂಬಳ ಬಾಕಿ, ಪಿಎಫ್ ಯಾರು ಕಟ್ಟುತ್ತಾರೆ ಅಂತ ಬರೆದಿದೆಯಾ ನೋಡಿ, ಆಮೇಲೆ ಮಾತು. ಶೇರು ಇದೆ, ಕಬ್ಬಿಲ್ಲ ಅನ್ನುವವರು ಲಾಗ್‌ಬುಕ್ ಕೇಳಲು ಬಹಳ ಯೋಗ್ಯರು, ಅವರ ಕಬ್ಬಿನ ಕಟಾವು ಯಾರೂ ತಡ ಮಾಡಲಾರರು.

ಇಷ್ಟೆಲ್ಲ ಕೇಳಿ ಅಳಿಯ ಒಂದು ಪ್ರಶ್ನೆ ಹಾಕಿದ. "ಮಾಮಾ, ಖರ್ಚು ಕಡಿಮಿ ಮಾಡ್ರಿ ಅಂದ್ರ ಮೊದಲ ಶೇರಿನ ಸಕ್ಕರಿ ಬಂದ್ ಮಾಡ್ತಾರಲ್ಲ?"

ನಾನು ತಡವರಿಸಿದೆ. ದೀಪಾವಳಿಗೆ ರಿಯಾಯಿತಿ ದರದಲ್ಲಿ ಸಿಗುವ ಆ ಸಕ್ಕರೆ ಚೀಲಕ್ಕೆ ನಮ್ಮ ಮನೆಯಲ್ಲೂ ಎಲ್ಲರೂ ಕಾಯುತ್ತಾರೆ. ನಷ್ಟದ ವರ್ಷವೂ ತಂದಿದ್ದೇವೆ, ವರದಿಯಲ್ಲಿ ಅದು ಎಷ್ಟು ಲಕ್ಷ ಅಂತ ಒಂದು ಸಲವೂ ನೋಡಿಲ್ಲ. ಈ ಸಲ ನೋಡಿದೆ. ಅದು "ವಾಹನ ನಿರ್ವಹಣೆ"ಯ ಮೇಲಿನ ಸಾಲಿನಲ್ಲೇ ಇತ್ತು, ಅಂಕಿ ಅದಕ್ಕಿಂತ ದೊಡ್ಡದು. ಬಾಕಿ ತೀರುವವರೆಗೆ ಅದೂ ಬೇಡ ಅಂತ ನಾನೇ ಮೊದಲು ಎದ್ದು ಹೇಳುತ್ತೇನೆ ಅಂದಿದ್ದೇನೆ. ಮನೆಯವಳಿಗೆ ಇನ್ನೂ ಹೇಳಿಲ್ಲ.